ಭಾನುವಾರದ ಪ್ರಶ್ನೆ

ನಮ್ಮ ಫಿಸಿಯೋಥೆರಪಿ ಕ್ಲಿನಿಕ್ಕು ಬಸವೇಶ್ವರನಗರದ ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಸೊಂಟ ಹಿಡಿದವರು, ಮಂಡಿ ಸವೆದವರು ಬರುವ ಜಾಗಕ್ಕೆ ಕಡಿದಾದ ಮೆಟ್ಟಿಲು. ಈ ವಿಷಯಕ್ಕೆ ಮಾಲೀಕರನ್ನು ಕೆಣಕಿದರೆ, "ಹತ್ತಿ ಬಂದೋರಿಗೆ ಅರ್ಧ ಗುಣ ಆದ ಹಾಗೆ ಕಣಮ್ಮ" ಅನ್ನುತ್ತಾರೆ. ನಾನು ಹೇಳಹೊರಟಿರುವ ಆಕೆ ಮೊದಲ ದಿನ ಆ ಮೆಟ್ಟಿಲು ಹತ್ತಿದ್ದು ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡು, ಎಡಗಾಲನ್ನೇ ಮುಂದಿಟ್ಟು, ಬಲಗಾಲನ್ನು ಹಿಂದಿನಿಂದ ಎಳೆದುಕೊಂಡು. ಮೇಲೆ ಬಂದಾಗ ತುಟಿ ಕಚ್ಚಿಕೊಂಡಿದ್ದಳು. ಕುರ್ಚಿ ತೋರಿಸಿದರೆ, "ಬ್ಯಾಡ್ರೀ ಮೇಡಂ, ನಿಂತರ ಆರಾಮ" ಎಂದಳು.

ಗದಗದ ಕಡೆಯ ಹೆಂಗಸು. ಮೂವತ್ತು ದಾಟಿ ಒಂದೆರಡು ವರ್ಷವಾಗಿರಬಹುದು. ಲಗ್ಗೆರೆಯಲ್ಲಿ ಮನೆ, ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್ ಕೆಲಸ. ದಿನವಿಡೀ ಬೆನ್ನಿಗೆ ಆಸರೆಯಿಲ್ಲದ ಸ್ಟೂಲಿನ ಮೇಲೆ ಕೂತು ಶರ್ಟುಗಳಿಗೆ ಕಾಲರ್ ಕೂರಿಸುವವಳು. ಸೊಂಟದಲ್ಲಿ ಹುಟ್ಟಿದ ನೋವು ಬಲಗಾಲಿನ ಹಿಂಬದಿಯಿಂದ ಇಳಿದು ಕಿರುಬೆರಳಿನವರೆಗೆ ಹೋಗುತ್ತಿತ್ತು. ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿ, ಮಾತ್ರೆ ಕೊಟ್ಟು, ಸೊಂಟ ಎಳೆಯುವ ಟ್ರ್ಯಾಕ್ಷನ್ನೂ ಪ್ಯಾಡ್ ಕಟ್ಟಿ ಕೊಡುವ ಕರೆಂಟೂ ಬರೆದು ನಮ್ಮಲ್ಲಿಗೆ ಕಳಿಸಿದ್ದರು.

ಇಲ್ಲಿ ನನ್ನ ಹಟದ ಬಗ್ಗೆ ಸ್ವಲ್ಪ ಹೇಳಬೇಕು. ಮಾಲೀಕರು ಮೂವತ್ತು ವರ್ಷದಿಂದ ಈ ಕಸುಬಿನಲ್ಲಿರುವವರು, ಒಳ್ಳೆಯ ಮನುಷ್ಯ. ಆದರೆ ಅವರಿಗೆ ಮೆಷಿನ್ನುಗಳ ಮೇಲೆ ಮಕ್ಕಳ ಮೇಲಿರುವಂಥ ಪ್ರೀತಿ. ನನಗೆ ಪುರಾವೆ ಬೇಕು. ಹಿಂದಿನವರು ಮಾಡುತ್ತಿದ್ದರು ಅಂತಲೋ, ಪೇಷಂಟಿಗೆ ಆ ಹೊತ್ತಿಗೆ ಹಿತವೆನಿಸುತ್ತದೆ ಅಂತಲೋ ಒಂದು ಚಿಕಿತ್ಸೆ ಕೊಡಬಾರದು, ನೂರಾರು ಜನರ ಮೇಲೆ ಪರೀಕ್ಷೆಗೆ ನಿಂತು ಗೆದ್ದದ್ದನ್ನು ಕೊಡಬೇಕು ಅನ್ನುವುದು ನನ್ನ ವಾದ. ಇದಕ್ಕಾಗಿ ಅವರು ನನಗಿಟ್ಟ ಹೆಸರು "ಪುರಾವೆ ಮೇಡಂ". ಬೇಸರವಾದಾಗ "ಸುಪ್ರೀಂ ಕೋರ್ಟು" ಅಂತಲೂ ಕರೆಯುತ್ತಿದ್ದರು.

ಆಕೆಯ ವಿಷಯದಲ್ಲೂ ಜಗಳವಾಯಿತು. ಟ್ರ್ಯಾಕ್ಷನ್ ಬೇಡ, ವ್ಯಾಯಾಮ ಸಾಕು ಎಂದೆ. "ಡಾಕ್ಟರ್ ಬರೆದಿರೋದನ್ನ ಬಿಟ್ಟು ನಿನ್ನಿಷ್ಟದ್ದು ಮಾಡ್ತೀಯೇನಮ್ಮ?" ಎಂದು ಅವರು ಗೊಣಗಿದರು. ಕೊನೆಗೆ, "ಗುಣ ಆಗ್ಲಿಲ್ಲ ಅಂದ್ರೆ ಡಾಕ್ಟರ್ ಹತ್ರ ಮಾತಾಡೋಳು ನೀನೇ" ಅಂತ ಒಪ್ಪಿದರು.

ವ್ಯಾಯಾಮ ಶುರುಮಾಡುವ ಮುಂಚೆ ಕೇಳಲೇಬೇಕಾದ ಕೆಲವು ಪ್ರಶ್ನೆಗಳಿವೆ. ಬೆನ್ನುಮೂಳೆಯ ಕೆಳತುದಿಯಲ್ಲಿ ನರಗಳು ಜಡೆಯ ಹಾಗೆ ಕಟ್ಟಾಗಿ ಇಳಿಯುತ್ತವೆ. ಕಾಲಿನ ಕೆಳಭಾಗದ ಬಲ, ಮೂತ್ರ, ಮಲ, ಗಂಡಹೆಂಡಿರ ಸಂಬಂಧ ಎಲ್ಲದರ ಹಿಡಿತವೂ ಆ ಕಟ್ಟಿನಲ್ಲಿದೆ. ಮೂಳೆಗಳ ನಡುವಿನ ಡಿಸ್ಕು ಜಾರಿ ಇಡೀ ಕಟ್ಟನ್ನು ಅದುಮಿಬಿಟ್ಟರೆ ತಡಮಾಡದೆ ಆಪರೇಷನ್ ಆಗಬೇಕು. ತಡವಾದರೆ ಕಳೆದುಕೊಂಡದ್ದು ಜೀವಮಾನದಲ್ಲಿ ವಾಪಸ್ ಬರದೇ ಹೋಗಬಹುದು. ಬಹಳ ಅಪರೂಪಕ್ಕೆ ಆಗುವಂಥದ್ದು. ಆದರೂ ಬೆನ್ನು ಹಿಡಿದು ಬಂದ ಪ್ರತಿಯೊಬ್ಬರನ್ನೂ ಕೇಳುತ್ತೇವೆ.

"ಒಂದಕ್ಕೆ ಹೋಗೋದ್ರಲ್ಲಿ ಏನಾದ್ರೂ ಕಷ್ಟ ಇದ್ಯಾ? ಮುಂಚಿಗಿಂತ ಏನಾದ್ರೂ ಬದಲಾವಣೆ?"

"ಇಲ್ರೀ. ಯಾವಾಗ್ಲೂ ಇದ್ದಾಂಗ ಐತಿ." ಸೆರಗನ್ನು ಸರಿಮಾಡಿಕೊಂಡು ಬಾಗಿಲ ಕಡೆ ನೋಡಿದಳು. ಅಲ್ಲಿ ಗಂಡ ನಿಂತಿದ್ದ.

ಆತನನ್ನು ಹೊರಗೆ ಕೂರಿಸಿ ಮತ್ತೆ ಕೇಳಿದೆ. ಅದೇ ಉತ್ತರ ಬಂತು. ಕಾಲಿನ ಬಲ ನೋಡಿದೆ, ಸುತ್ತಿಗೆಯಿಂದ ತಟ್ಟಿ ನರದ ಸ್ಪಂದನೆ ನೋಡಿದೆ. ಬಲಗಾಲಿನಲ್ಲಿ ಸ್ವಲ್ಪ ಮಂಕು ಅನ್ನುವುದು ಬಿಟ್ಟರೆ ಉಳಿದೆಲ್ಲ ಸರಿಯಿತ್ತು. ಬೋರಲು ಮಲಗಿ, ಮೊಣಕೈ ಊರಿ, ಎದೆ ಎತ್ತುವ ವ್ಯಾಯಾಮ ಹೇಳಿಕೊಟ್ಟೆ. ಪಾಳಿ ಮುಗಿಸಿ ಸಂಜೆ ಕ್ಲಿನಿಕ್ಕಿಗೆ ಬಂದು ಶ್ರದ್ಧೆಯಿಂದ ಮಾಡುತ್ತಿದ್ದಳು. ಒಂದೇ ಒಂದು ತಕರಾರೆಂದರೆ ನೀರು ಕುಡಿಯುತ್ತಿರಲಿಲ್ಲ. ಬೇಸಿಗೆ, ಬೆವರು ಸುರಿಯುತ್ತಿತ್ತು, ಬಾಟಲಿ ಕೊಟ್ಟರೆ "ಬ್ಯಾಡ್ರೀ" ಎಂದು ಹಿಂದಕ್ಕೆ ಸರಿಸುವಳು.

ಎರಡನೇ ವಾರ ಮುಗಿಯುವ ಹೊತ್ತಿಗೆ ಕಾಲುನೋವು ದಿಢೀರನೆ ಇಳಿಯಿತು. ನೋವಿಗೆ ಹತ್ತಕ್ಕೆ ಎಂಟು ಅಂಕ ಕೊಡುತ್ತಿದ್ದವಳು ಎರಡು ಅಂದಳು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮಾಲೀಕರ ಮೇಜಿನ ಮುಂದೆ ಹೋಗಿ, "ನೋಡಿ ಸಾರ್, ಕರೆಂಟಿಲ್ಲದೇ ದೀಪ ಹತ್ತಿದೆ" ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, "ಆಯ್ತಮ್ಮ ಸುಪ್ರೀಂ ಕೋರ್ಟು, ಗೆದ್ದೆ" ಅಂದರು.

ಅದಾದ ಮೇಲಿನ ಸೋಮವಾರ ಸಂಜೆ ಆಕೆ ಬಂದವಳೇ ಕಿಟಕಿಯ ಮೇಲಿದ್ದ ನನ್ನ ಬಾಟಲಿಯನ್ನು ತಾನೇ ತೆಗೆದುಕೊಂಡು ಎತ್ತಿ ಗಟಗಟನೆ ಕುಡಿದಳು. ಅರ್ಧಕ್ಕಿಂತ ಹೆಚ್ಚು ಖಾಲಿ.

"ಏನ್ರೀ ಇದು, ಇವತ್ತು ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ್ನಾ?" ಎಂದು ನಕ್ಕೆ.

ಆಕೆಯೂ ನಕ್ಕಳು. "ಈಗ ಹೆದರಿಕಿ ಇಲ್ರೀ ಮೇಡಂ. ಮೊದ್ಲ ಹೆಂಗಂದ್ರ, ಕಂಪನ್ಯಾಗ ನೀರು ಕುಡದ್ರ ತ್ರಾಸ. ಪದೇ ಪದೇ ಎದ್ದು ಹೋದ್ರ ಸೂಪ್ರವೈಜರ್ ಒದರ್ತಾನ, ಪೀಸು ಕಮ್ಮಿ ಬೀಳತಾವ. ಅದಕ್ಕ ನಾವು ಯಾರೂ ಕುಡಿಯೂದಿಲ್ರೀ, ಮುಂಜಾನಿ ಮನ್ಯಾಗ ಹೋಗಿ ಬಂದ್ರ ಮತ್ತ ಸಂಜೀಕ ಮನೀಗೆ ಹೋದ ಮ್ಯಾಲ. ಹೊಟ್ಟಿ ಬಿಗಿ ಹಿಡದು ಕುಂದರತಿದ್ವಿ. ಈಗ ನಿಮ್ಮ ವ್ಯಾಯಾಮದಿಂದ ಆ ತ್ರಾಸನ ಹೋಗೇತಿ. ಎಷ್ಟು ಕುಡದ್ರೂ ಹೋಗಬೇಕಂತ ನೆನಪಾಗೂದಿಲ್ಲ. ನಮ್ಮ ಲೈನಿನ ಹುಡುಗ್ಯಾರು, ಅಕ್ಕ ನಮಗೂ ಆ ವ್ಯಾಯಾಮ ಕಲಿಸು ಅಂತ ಗಂಟು ಬಿದ್ದಾರ."

ನಾನು ನಗುವುದನ್ನು ಬಿಟ್ಟು ಬಾಟಲಿಯನ್ನು ಆಕೆಯ ಕೈಯಿಂದ ಇಸಕೊಂಡೆ.

ನಾನು ಮೊದಲ ದಿನ ಕೇಳಿದ್ದು ಕಷ್ಟ ಇದೆಯೇ ಅಂತ. ಆಕೆಗೆ ಕಷ್ಟ ಅಂದರೆ ಅವಸರವಾಗುವುದು, ಅದನ್ನು ತಡೆದು ಕೂರುವುದು. ಅವಸರವೇ ಆಗದಿದ್ದರೆ ಅದು ಪುಣ್ಯ. ಅಂಥವಳು ನಾನು ಎಷ್ಟು ಸಲ ಕೇಳಿದರೂ "ಆರಾಮ ಐತ್ರೀ" ಅಂತಲೇ ಹೇಳುತ್ತಿದ್ದಳು.

ಆದರೂ ಮನಸ್ಸು ಒಂದು ಸುಲಭದ ದಾರಿ ಹುಡುಕಿತು. ವರ್ಷಾನುಗಟ್ಟಲೆ ತಡೆದು ತಡೆದು ಒಗ್ಗಿಹೋದ ಮೈಯಲ್ಲವೇ, ಇದೂ ಅದೇ ರೂಢಿ ಇರಬಹುದು. ಕೆಲಸದ ದಿನದ ರೂಢಿಯನ್ನೂ ಕಾಯಿಲೆಯನ್ನೂ ಬೇರೆ ಮಾಡುವುದು ಹೇಗೆ? ಏನು ಹೊಳೆಯಿತೋ, ಕೇಳಿದೆ.

"ನಿನ್ನೆ ಭಾನುವಾರ. ಮನೇಲಿದ್ರಲ್ಲ, ನಿನ್ನೆ ಎಷ್ಟು ಸಲ ಹೋದ್ರಿ?"

ಆಕೆ ಬೆರಳು ಮಡಚಿ ಲೆಕ್ಕ ಹಾಕಲು ಹೋದಳು. ನಗು ನಿಧಾನಕ್ಕೆ ಇಳಿಯಿತು. "ನಿನ್ನೇನೂ ನೆನಪಾಗಲಿಲ್ರೀ. ಸಂಜೀಕ ಇವ್ರು, ಯಾಕ ಹೊಟ್ಟಿ ಉಬ್ಬೇತಲ್ಲ ಅಂದ್ರು. ಆಮ್ಯಾಲ ಹೋಗಿ ಕುಂತೆ. ಬಾಳೊತ್ತು ಕುಂತ ಮ್ಯಾಲ ಸ್ವಲ್ಪ ಆತು."

"ಕೂತಾಗ ಕೆಳಗಡೆ ಹೇಗನ್ಸುತ್ತೆ?"

"ದಿಂಬಿನ ಮ್ಯಾಲ ಕುಂತಂಗ. ನಮ್ಮ ಸ್ಟೂಲ್ ಗಟ್ಟಿ ಐತ್ರೀ, ಈಗ ಗಟ್ಟಿ ಅನ್ಸೂದಿಲ್ಲ." ಅದನ್ನೂ ಆಕೆ ಗುಣವಾದದ್ದರ ಲೆಕ್ಕಕ್ಕೇ ಸೇರಿಸಿಕೊಂಡಿದ್ದಳು.

ಪರದೆ ಎಳೆದೆ. ಕೈತೊಳೆದುಕೊಂಡು ಬಂದೆ. ಗೋಡೆ ಹಿಡಿದು ಒಂಟಿಕಾಲಲ್ಲಿ ತುದಿಬೆರಳ ಮೇಲೆ ಏಳಲು ಹೇಳಿದೆ. ಬಲಹಿಮ್ಮಡಿ ನೆಲ ಬಿಟ್ಟು ಏಳಲೇ ಇಲ್ಲ. ನೋವಿಲ್ಲದಿದ್ದ ಎಡಗಾಲು ಅರ್ಧಕ್ಕೆ ಎದ್ದು ಕುಸಿಯಿತು. ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ಸುತ್ತಿಗೆಯಿಂದ ತಟ್ಟಿದೆ. ಎರಡೂ ಪಾದಗಳು ಸುಮ್ಮನಿದ್ದವು. ಆಮೇಲೆ ಆಕೆಗೆ ವಿಷಯ ಹೇಳಿ, ಒಪ್ಪಿಗೆ ಕೇಳಿ, ಹತ್ತಿಯನ್ನೂ ಪಿನ್ನಿನ ತುದಿಯನ್ನೂ ತೊಡೆಯ ಒಳಬದಿ, ಸೈಕಲ್ ಸೀಟು ತಾಗುವ ಜಾಗದಲ್ಲೆಲ್ಲ ಮೆಲ್ಲಗೆ ಮುಟ್ಟಿಸುತ್ತ ಹೋದೆ.

"ಗೊತ್ತಾಗ್ತಾ ಇದ್ಯಾ?"

"ಏನ್ರೀ?"

"ಮುಟ್ತಾ ಇದೀನಿ."

"ಹೌದೇನ್ರೀ?" ಅಂದಳು ಆಕೆ, ಮುಖ ಗೋಡೆಯ ಕಡೆ ಮಾಡಿಕೊಂಡು.

ಹೊರಗೆ ಬಂದು ಮಾಲೀಕರಿಗೆ ಹೇಳಿದೆ. ಅವರು ಮಂಡಿನೋವಿನ ಅಜ್ಜಿಯೊಬ್ಬರಿಗೆ ಪ್ಯಾಡ್ ಕಟ್ಟುತ್ತಿದ್ದರು, ಅರ್ಧಕ್ಕೆ ಬಿಟ್ಟು ಒಳಗೆ ಬಂದರು.

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕಮ್ಮ? ನೋವು ಇಳಿದಿದೆ. ಮೊನ್ನೆ ತಾನೆ ನೀನೇ ಕುಣಿದಾಡಿದೆ. ಹೆಂಗಸರು ತಡ್ಕೊಳೋದು ಹೊಸದೇನಲ್ಲ. ನನ್ನ ಹೆಂಡ್ತಿ ಸ್ಕೂಲ್ ಟೀಚರು, ಮನೆಗೆ ಬರೋವರೆಗೂ ಹೋಗಲ್ಲ. ಮೊದಲು ಡಾಕ್ಟರ್‌ಗೆ ಫೋನ್ ಮಾಡು."

ಮಾಡಿದೆ. ಸಹಾಯಕ ಎತ್ತಿಕೊಂಡ. ಸಾರ್ ಆಪರೇಷನ್ ಥಿಯೇಟರಿನಲ್ಲಿದ್ದಾರೆ, ನಾಳೆ ಬೆಳಿಗ್ಗೆ ಒಪಿಡಿಗೆ ಕಳಿಸಿ, ನೋವು ಕಡಿಮೆಯಿದೆ ಅಂತೀರಲ್ಲ ಎಂದ.

"ನೋಡು, ನಾಳೆ ಬೆಳಿಗ್ಗೆ" ಎಂದರು ಮಾಲೀಕರು. "ಒಂದು ರಾತ್ರಿ ತಾನೆ."

ಆ ಒಂದು ನಿಮಿಷ ಇವತ್ತಿಗೂ ನನಗೆ ಚೆನ್ನಾಗಿ ನೆನಪಿದೆ. ಅವರು ಹೇಳಿದ್ದರಲ್ಲಿ ಅರ್ಥವಿಲ್ಲದೆ ಇರಲಿಲ್ಲ. ನಾನು ನೆಚ್ಚಿಕೊಂಡಿರುವ ಪುಸ್ತಕಗಳೇ ಹೇಳುತ್ತವೆ, ಇಂಥ ಒಂದೊಂದು ಲಕ್ಷಣವನ್ನೂ ಬಿಡಿಬಿಡಿಯಾಗಿ ನಂಬುವಂತಿಲ್ಲ ಅಂತ. ಮೂತ್ರದ್ದು ರೂಢಿ ಇರಬಹುದು. ಜೋಮು ಸ್ಟೂಲಿನಿಂದ ಬಂದಿರಬಹುದು. ಕಾಲಿನ ಸೋಲು ಮೊದಲಿನ ನರದ್ದೇ ಇರಬಹುದು. ಆದರೆ ಎಲ್ಲವೂ ಒಂದೇ ಮೈಯಲ್ಲಿ, ಒಂದೇ ವಾರದಲ್ಲಿ, ಎರಡೂ ಕಾಲಿಗೆ? ನನ್ನ ಅನುಮಾನ ತಪ್ಪಾಗಿದ್ದು ಆಸ್ಪತ್ರೆಗೆ ಹೋದರೆ ಒಂದು ಸಂಜೆ ಹಾಳು, ಡಾಕ್ಟರ ಮುಂದೆ ನಗೆಪಾಟಲು, ಅವರು ಇನ್ನು ಪೇಷಂಟ್ ಕಳಿಸದೇ ಇರಬಹುದು. ಅನುಮಾನ ಸರಿಯಿದ್ದೂ ಹೋಗದೇ ಉಳಿದರೆ ಆಕೆ ಬದುಕಿರುವವರೆಗೂ ಮೂತ್ರದ ನಳಿಗೆ ಹಾಕಿಕೊಂಡು ಓಡಾಡಬೇಕು. ನನ್ನ ಗೆಲುವು ಅಂದುಕೊಂಡಿದ್ದ, ಹತ್ತಕ್ಕೆ ಎರಡು ಅನ್ನುವ ಆ ಅಂಕವೇ ನನ್ನನ್ನು ಹೆಚ್ಚು ಹೆದರಿಸಿತು. ನೋವು ಹೊತ್ತು ತರುವ ನರವೇ ಸೋತಿದ್ದರೆ ನೋವು ಇಳಿಯದೆ ಇನ್ನೇನಾಗುತ್ತದೆ?

"ಸಾರ್, ಈಗ್ಲೇ ಕರ್ಕೊಂಡ್ ಹೋಗ್ತೀನಿ."

"ಉಳಿದ ಪೇಷಂಟ್ಸು?"

ನಾನು ಆಗಲೇ ಬ್ಯಾಗು ಹೆಗಲಿಗೆ ಹಾಕಿಕೊಂಡಿದ್ದೆ. ಅವರು ನನ್ನ ಮುಖ ನೋಡಿದರು. ನಿಟ್ಟುಸಿರು ಬಿಟ್ಟು, "ಹೋಗು, ನಾನ್ ನೋಡ್ಕೋತೀನಿ. ಪಾಪ, ಹೆದರಿಸಬೇಡ ಅವರನ್ನ" ಅಂದರು.

ಹೆದರಿಸದೆ ಹೇಳುವುದು ಹೇಗೆ? ಗಂಡ ಆಗಷ್ಟೇ ಗಾಡಿ ನಿಲ್ಲಿಸಿ, ಹೆಲ್ಮೆಟ್ ತೋಳಿಗೆ ಸಿಕ್ಕಿಸಿಕೊಂಡು ಮೇಲೆ ಬಂದಿದ್ದ. ಪೀಣ್ಯದಲ್ಲೇ ಲೇತ್ ಮೆಷಿನ್ ಓಡಿಸುವವನು, ಕಡಿಮೆ ಮಾತಿನವನು. ಆಪರೇಷನ್ ಅನ್ನುವ ಮಾತು ಕೇಳಿದ್ದೇ ಮುಖ ಗಟ್ಟಿಯಾಯಿತು.

"ಬ್ಯಾನಿ ಕಡಿಮಿ ಆಗೇತಿ ಅಂತ ನೀವ ಹೇಳಿದ್ರಿ. ಕಡಿಮಿ ಆದ ಮ್ಯಾಲ ಆಪರೇಷನ್ ಯಾಕ್ರೀ?"

ಆಕೆಯ ಕಡೆ ತಿರುಗಿ ಕೇಳಿದೆ, "ನಿಮ್ ಮೆಷಿನ್ನಲ್ಲಿ ಬಾಬಿನ್ ದಾರ ಮುಗಿದ್ರೆ ಏನಾಗುತ್ತೆ?"

"ಮಿಷಿನ್ ಓಡತೈತ್ರೀ. ಹೊಲಿಗಿ ಬೀಳಂಗಿಲ್ಲ."

"ಹಾಗಾಗಿದೆ. ನೋವು ಹೋಗಿಲ್ಲ, ನೋವು ತಿಳಿಸೋ ದಾರ ಮುಗೀತಾ ಇದೆ."

ಆತ ನನ್ನನ್ನೇ ದಿಟ್ಟಿಸಿದ. "ನಿಮ್ಮ ವ್ಯಾಯಾಮದಿಂದನ ಹಿಂಗಾತೇನ್ರೀ?"

ಹಿಂದೆ ಮಾಲೀಕರು ಕೆಮ್ಮಿದರು. ಇಲ್ಲ ಅಂದುಬಿಡು ಎನ್ನುವ ಕೆಮ್ಮು ಅದು.

"ಆಗಿಲ್ಲ ಅಂತ ಅನ್ಸುತ್ತೆ. ಈ ವ್ಯಾಯಾಮದಿಂದ ಹೀಗಾಗುತ್ತೆ ಅಂತ ಎಲ್ಲೂ ತೋರ್ಸಿಲ್ಲ. ಡಿಸ್ಕು ತಾನೇ ಜಾರೋದೂ ಉಂಟು. ಆದ್ರೆ ಇವರ ವಿಷಯದಲ್ಲಿ ಖಂಡಿತ ಅಂತ ಹೇಳಕ್ಕೆ ನನ್ನ ಹತ್ರ ಪುರಾವೆ ಇಲ್ಲ. ನೀವು ಆಮೇಲೆ ನನಗೆ ಬೈರಿ, ಬೈಸ್ಕೋತೀನಿ. ಈಗ ಹೊರಡೋಣ."

ಸುಳ್ಳು ಹೇಳಿದ್ದರೆ ಆತ ಬರುತ್ತಿದ್ದನೋ ಇಲ್ಲವೋ. ಆತ ಹೆಂಡತಿಯ ಚಪ್ಪಲಿಯನ್ನು ಆಕೆಯ ಕಾಲ ಹತ್ತಿರ ತಂದಿಟ್ಟ. "ನಡಿ" ಅಂದ.

ಕಂಪನಿ ಕೊಟ್ಟ ವಿಮೆ ಕಾರ್ಡು ನಡೆಯುವ ದೊಡ್ಡ ಆಸ್ಪತ್ರೆಗೆ ಆಟೋ ಹಿಡಿದೆವು. ಆತ ಗಾಡಿಯಲ್ಲಿ ಹಿಂದೆ. ಸಂಜೆಯ ಹಾವನೂರು ಸರ್ಕಲ್ ಹೇಗಿರುತ್ತದೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಆಟೋ ಒಂದು ಮೊಳ ಹೋಗಿ ನಿಲ್ಲುತ್ತಿತ್ತು. ಪ್ರತಿ ಗುಂಡಿಗೂ ನಾನು ಆಕೆಯ ಸೊಂಟವನ್ನು ಎರಡೂ ಕೈಯಿಂದ ಹಿಡಿದುಕೊಳ್ಳುತ್ತಿದ್ದೆ. ಅದರಿಂದ ಏನೂ ಪ್ರಯೋಜನವಿಲ್ಲ ಅಂತ ಗೊತ್ತಿದ್ದೂ ಹಿಡಿದುಕೊಂಡೆ.

ಕಾರ್ಡ್ ರೋಡಿಗೆ ಬಂದಮೇಲೆ ಆಕೆ ಮೆಲ್ಲಗೆ ಮಾತಾಡಿದಳು. "ಮೇಡಂ, ನಮ್ಮ ಲೈನಿನ್ಯಾಗ ಒಬ್ಬಾಕಿಗೆ ಹೆರಿಗಿ ಆದ ಮ್ಯಾಲ ಗೊತ್ತಿಲ್ದಂಗ ಸೋರ್ತಿತ್ತು. ವಾಸನಿ ಅಂತ ಬಾಜೂಕ ಯಾರೂ ಕುಂದರತಿರಲಿಲ್ಲ. ಒಂದಿನ ಸ್ಟೂಲ್ ಒದ್ದಿ ಆತು. ಮರುದಿನದಿಂದ ಬರಲೇ ಇಲ್ಲ. ನಂದೂ ಹಂಗ ಆಗತೈತೇನ್ರೀ?"

"ಆಗಬಾರದು ಅಂತಾನೇ ಹೋಗ್ತಾ ಇದೀವಿ" ಎಂದೆ. ಆಗಲ್ಲ ಅಂತ ಹೇಳಲು ನಾಲಗೆ ಏಳಲಿಲ್ಲ.

ತುರ್ತು ವಿಭಾಗದಲ್ಲಿ ಒಬ್ಬ ಯುವ ಡಾಕ್ಟರು ಇದ್ದರು. ಬೈಕಿನಿಂದ ಬಿದ್ದ ಡೆಲಿವರಿ ಹುಡುಗರು, ಉಸಿರಾಟ ಕಟ್ಟಿದ ಮುದುಕರು, ಅಷ್ಟೂ ಮಂಚ ತುಂಬಿದ್ದವು. ನಾನು ವಿವರ ಹೇಳುತ್ತಿದ್ದಂತೆ ಅವರ ಕಣ್ಣು ಆಕೆಯ ಕಾಲುಗಳ ಮೇಲೇ ಇತ್ತು.

"ಪೇಷಂಟ್ ನಡ್ಕೊಂಡು ಬಂದಿದಾರೆ. ನೋವು ಎರಡು ಅಂತಾರೆ. ಎಂಆರ್‌ಐ ಈಗ ಯಾಕೆ? ನಾಳೆ ಒಪಿಡಿಗೆ ಬನ್ನಿ. ನೀವು ಡಾಕ್ಟರಾ?"

"ಫಿಸಿಯೋ."

"ಓ" ಅಂದರು. ಆ "ಓ" ನನಗೆ ಹೊಸದಲ್ಲ. ಬೇರೆ ದಿನವಾಗಿದ್ದರೆ ಅಲ್ಲೇ ಜಗಳ ಕಾಯುತ್ತಿದ್ದೆ. ಅವತ್ತು ಜಗಳಕ್ಕೆ ಸಮಯವಿರಲಿಲ್ಲ. ಆ ಡಾಕ್ಟರನ್ನು ಬಯ್ಯುವುದೂ ತಪ್ಪು, ಎದುರಿಗೆ ನಿಂತು ಮಾತಾಡುವ ಹೆಂಗಸಿಗಿಂತ ರಕ್ತ ಸೋರುವ ಹುಡುಗ ಮೊದಲು ಕಾಣುತ್ತಾನೆ.

"ಸಾರ್, ಒಂದೇ ಒಂದು ಮಾಡಿ. ಇವರು ಈಗ ಬಾತ್‌ರೂಮಿಗೆ ಹೋಗಿ ಬರ್ಲಿ. ಬಂದ್ಮೇಲೆ ಮೂತ್ರಚೀಲದ ಮೇಲೆ ಸ್ಕ್ಯಾನ್ ಇಟ್ಟು ನೋಡಿ. ಖಾಲಿ ಇದ್ರೆ ನಾನೇ ಸಾರಿ ಕೇಳಿ ವಾಪಸ್ ಕರ್ಕೊಂಡ್ ಹೋಗ್ತೀನಿ."

ಬಹುಶಃ ನನ್ನಿಂದ ಬಿಡುಗಡೆ ಸಿಕ್ಕರೆ ಸಾಕೆಂದು ಒಪ್ಪಿದರು. ನರ್ಸ್ ಜೊತೆ ಆಕೆ ಹೋದಳು. ನಾನು ಗೋಡೆಗೊರಗಿ ನಿಂತೆ. ಗಂಡ ಹೆಲ್ಮೆಟ್ಟಿನ ಪಟ್ಟಿಯನ್ನು ಬಿಚ್ಚುತ್ತ ಹಾಕುತ್ತ ಇದ್ದ. ಬಹಳ ಹೊತ್ತಾದ ಮೇಲೆ ಆಕೆ ಬಂದಳು, ಮುಖ ಅರಳಿತ್ತು.

"ಆತ್ರೀ ಮೇಡಂ. ಪೂರ್ತಿ ಆತು. ಈಗ ಏನೂ ಇಲ್ಲ."

ಡಾಕ್ಟರು ನನ್ನ ಕಡೆ ನೋಡಿದರು. ನನ್ನ ಧೈರ್ಯವೆಲ್ಲ ಜರ್ರನೆ ಇಳಿದುಹೋಯಿತು. ಇಲ್ಲದ ರೋಗವನ್ನು ಕಟ್ಟಿಕೊಂಡು, ದಿನಕೂಲಿಯವರ ಹಾಗೆ ದುಡಿಯುವ ಇಬ್ಬರನ್ನು ಇಲ್ಲಿಯವರೆಗೆ ಎಳೆದು ತಂದೆನೇ? ನಾಳೆ ಕ್ಲಿನಿಕ್ಕಿನಲ್ಲಿ ಮುಖವೆತ್ತುವುದು ಹೇಗೆ? ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ಖಾಲಿ ಇರಲಿ ಅಂತಲೂ ಬೇಡಿಕೊಂಡೆ. ನಗೆಪಾಟಲಾದರೆ ಆಗಲಿ, ಆಕೆ ಚೆನ್ನಾಗಿರಲಿ.

ಕೆಳಹೊಟ್ಟೆಗೆ ಜೆಲ್ ಹಚ್ಚಿ ಸ್ಕ್ಯಾನ್ ಇಟ್ಟರು. ಪರದೆಯ ಮೇಲೆ ದೊಡ್ಡದೊಂದು ಕಪ್ಪು ಗುಂಡು ಮೂಡಿತು. ಡಾಕ್ಟರು ಕೈಯನ್ನು ಆಚೀಚೆ ಸರಿಸಿದರು. ಗುಂಡು ಹಾಗೇ ಇತ್ತು.

"ಹೋಗಿ ಬಂದ್ರಾ ನಿಜವಾಗ್ಲೂ?" ಎಂದು ಆಕೆಯನ್ನು ಕೇಳಿದರು.

"ಹೌದ್ರೀ ಸಾಹೇಬ್ರ. ನರ್ಸಮ್ಮಾರನ್ನ ಕೇಳ್ರಿ."

ಪೂರ್ತಿ ಖಾಲಿ ಎಂದು ಆಕೆ ನಂಬಿದ್ದ ಚೀಲದಲ್ಲಿ ಅರ್ಧ ಲೀಟರಿಗೂ ಮೇಲೆ ಉಳಿದಿತ್ತು. ಯಾರಾದರೂ ನೋವಿನಿಂದ ಕೂಗಿಕೊಳ್ಳಬೇಕಾದಷ್ಟು. ಆಕೆ ಶಾಂತವಾಗಿ ಸೂರು ನೋಡುತ್ತ ಮಲಗಿದ್ದಳು. ಡಾಕ್ಟರು ಸ್ಕ್ಯಾನ್ ಕೆಳಗಿಟ್ಟರು. ಒಂದು ಕೈಯಲ್ಲಿ ಎಂಆರ್‌ಐ ವಿಭಾಗಕ್ಕೂ ಇನ್ನೊಂದರಲ್ಲಿ ಸರ್ಜನ್ನರಿಗೂ ಫೋನ್ ಹಚ್ಚಿದರು. ನಡುವೆ ನನ್ನ ಕಡೆ ತಿರುಗಿ, "ಯಾವಾಗಿಂದ ಅಂತ ಸರಿಯಾಗಿ ಹೇಳಿ ಮೇಡಂ" ಎಂದರು. ಮೇಡಂ ಅಂದದ್ದು ನನಗೆ ಆಮೇಲೆ ಹೊಳೆಯಿತು.

ಎಂಆರ್‌ಐಯಲ್ಲಿ ಡಿಸ್ಕಿನ ದೊಡ್ಡ ತುಂಡೊಂದು ಹೊರಬಂದು ನರದ ಕಟ್ಟನ್ನು ಹಿಂದಿನ ಗೋಡೆಗೆ ಅದುಮಿದ್ದು ಕಾಣಿಸಿತು. ಸರ್ಜನ್ ನೋಡಿ, "ಬೆಳಿಗ್ಗೆವರೆಗೂ ಕಾಯೋದು ಬೇಡ" ಅಂದರು. ಗಂಡ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ. ನಾನು ಮನೆಗೆ ಹೋಗಿ ಮಲಗಿದೆ, ನಿದ್ದೆ ಬರಲಿಲ್ಲ. ಬೆಳಿಗ್ಗೆ ಆತನ ಫೋನು: "ಆತಂತ್ರೀ. ಚೊಲೋ ಆಗೇತಿ ಅಂದ್ರು."

ಕಥೆ ಅಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಎಡಗಾಲಿನ ಶಕ್ತಿ ಬೇಗ ಬಂತು, ಬಲಗಾಲಿನದು ತಕರಾರು ಮಾಡುತ್ತ ಬಂತು. ಮೂತ್ರ ಬರಲಿಲ್ಲ. ನಳಿಗೆ ತೆಗೆದರು, ಆಗಲಿಲ್ಲ, ಮತ್ತೆ ಹಾಕಿದರು. ಕೊನೆಗೆ ದಿನಕ್ಕೆ ಇಷ್ಟು ಸಲ ತಾನೇ ನಳಿಗೆ ಹಾಕಿಕೊಂಡು ಖಾಲಿ ಮಾಡುವುದನ್ನು ನರ್ಸ್ ಕಲಿಸಿ ಮನೆಗೆ ಕಳಿಸಿದರು. ನರ ಚೇತರಿಸಿಕೊಳ್ಳಬಹುದು, ಕೊಳ್ಳದೇ ಇರಬಹುದು ಅಂತ ಸರ್ಜನ್ ಹೇಳಿದರಂತೆ. ನಾನೂ ಅದಕ್ಕಿಂತ ಹೆಚ್ಚು ಹೇಳುವಂತಿರಲಿಲ್ಲ. ಪುರಾವೆ ಮೇಡಂ ಹತ್ತಿರ ಈ ಸಲ ಪುರಾವೆ ಇರಲಿಲ್ಲ.

ಅವರು ಮತ್ತೆ ನಮ್ಮಲ್ಲಿಗೇ ಬಂದರು. ಬೇರೆ ಕಡೆ ಹೋಗಿದ್ದರೆ ನಾನು ತಪ್ಪು ತಿಳಿಯುತ್ತಿರಲಿಲ್ಲ. ಗಂಡ ಒಂದು ಕಡೆ, ಮಾಲೀಕರು ಹಿಂದೆ, ಹೀಗೆ ಆಕೆಯನ್ನು ಮೆಟ್ಟಿಲು ಹತ್ತಿಸುತ್ತಿದ್ದರು. ಹತ್ತಿ ಬಂದವರಿಗೆ ಅರ್ಧ ಗುಣ ಅನ್ನುವ ಮಾತನ್ನು ಮಾಲೀಕರು ಆಮೇಲೆ ಆಡಿದ್ದು ನಾನು ಕೇಳಿಲ್ಲ. ಹಿಮ್ಮಡಿ ಎತ್ತುವುದು, ಮಲಗಿ ಸೊಂಟ ಎತ್ತುವುದು, ಒಳಗಿನ ಸ್ನಾಯುಗಳನ್ನು ಬಿಗಿಮಾಡಿ ಸಡಿಲಿಸುವುದು, ಎಲ್ಲವನ್ನೂ ಮಾಡಿಸಿದೆ. ಮೊಬೈಲಿನಲ್ಲಿ ಅಲಾರಂ ಇಟ್ಟು, ಅವಸರವಿರಲಿ ಇಲ್ಲದಿರಲಿ, ಹೊತ್ತಿಗೆ ಸರಿಯಾಗಿ ಹೋಗಿ ಕೂತು ಪ್ರಯತ್ನಿಸಲು ಹೇಳಿದೆ. ಆಕೆ ಹೋಗಿ ಕೂರುವಳು, ಹೊರಗೆ ಬಂದು ತಲೆಯಾಡಿಸುವಳು. ವಾರಗಳು ಹೀಗೇ ಕಳೆದವು. ಒಂದು ದಿನ, "ಹುಡುಗ್ಯಾರು ಫೋನ್ ಮಾಡಿದ್ರು, ಯಾವಾಗ ಬರ್ತಿ ಅಂತ. ಏನ್ ಹೇಳ್ಲಿ?" ಅಂದಳು. ಅವತ್ತು ಆಕೆ ಹೋದಮೇಲೆ ಪರದೆಯ ಹಿಂದೆ ಕೂತು ಅತ್ತೆ.

ಆ ನಡುವೆ ಬೇರೆ ಪೇಷಂಟುಗಳನ್ನು ಕೇಳುವ ಪ್ರಶ್ನೆಯನ್ನು ಬದಲಾಯಿಸಿದೆ. ಕಷ್ಟ ಇದೆಯಾ ಅಂತ ಕೇಳುವುದಿಲ್ಲ. ಕೆಲಸದ ದಿನ ಎಷ್ಟು ಸಲ, ಭಾನುವಾರ ಎಷ್ಟು ಸಲ, ಅವಸರ ಆಗುತ್ತದೋ ಇಲ್ಲವೋ ಎಂದು ಕೇಳುತ್ತೇನೆ. ಗಾರ್ಮೆಂಟ್ಸಿನವರು, ಟೀಚರುಗಳು, ಬಸ್ ಕಂಡಕ್ಟರ್ ಹೆಂಗಸರು ಮೊದಲು ನಾಚಿಕೊಂಡು, ಆಮೇಲೆ ಹೇಳುತ್ತಲೇ ಹೋಗುತ್ತಾರೆ. ಮಾಲೀಕರು ಕೂಡ ಈಗ ಗಂಡಸರನ್ನು ಹಾಗೇ ಕೇಳುತ್ತಾರೆ.

ಮಳೆಗಾಲ ಶುರುವಾದ ಒಂದು ಸಂಜೆ. ಆಕೆ ಮಂಚದ ಮೇಲೆ ಮಲಗಿ, ಮಂಡಿ ಮಡಚಿ, ಸೊಂಟ ಎತ್ತುತ್ತಿದ್ದಳು. ನಾನು ಪಾದ ಹಿಡಿದಿದ್ದೆ. ಅರ್ಧಕ್ಕೆ ತಟ್ಟನೆ ನಿಲ್ಲಿಸಿದಳು. ಕಣ್ಣು ಅಗಲವಾದವು.

"ಏನಾಯ್ತು? ನೋವಾ?"

"ಇಲ್ರೀ." ಕೆಳಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಏನನ್ನೋ ದೂರದಿಂದ ಕೇಳಿಸಿಕೊಳ್ಳುವವಳ ಹಾಗೆ ಸುಮ್ಮನಿದ್ದಳು. "ಮೇಡಂ, ಅವಸರ ಆದಂಗ ಆಗೇತ್ರೀ."

ನಾನು ಹಿಡಿದಿದ್ದ ಪಾದ ಬಿಟ್ಟೆ. ಆಕೆಯೇ ಸಂಕೋಚದಿಂದ ಸೆರಗು ಸರಿಪಡಿಸಿಕೊಂಡು, ಮತ್ತೆ ಮಂಡಿ ಮಡಚಿದಳು. "ಇರ್ಲಿ ಬಿಡ್ರಿ, ಇದೊಂದು ಮುಗಿಸಿ ಹೋಗ್ತೀನಿ. ತಡಕೋತೀನಿ."

"ತಡ್ಕೋಬೇಡ!" ನಾನು ಕಿರುಚಿದೆ. "ಹೋಗೇ! ಮೊದ್ಲು ಹೋಗು!"

ಪಕ್ಕದ ಮಂಚದ ಅಜ್ಜಿ ಬೆಚ್ಚಿಬಿದ್ದರು. ಮಾಲೀಕರು ಪರದೆ ಸರಿಸಿ ಇಣುಕಿದರು. ಆಕೆ ಎದ್ದು, ಬಲಗಾಲು ಎಳೆಯುತ್ತ, ಗೋಡೆ ಹಿಡಿದು ಓಡಿದ ಹಾಗೆ ನಡೆದು ಬಾತ್‌ರೂಮಿನ ಚಿಲಕ ಹಾಕಿಕೊಂಡಳು. ನಾನೂ ಮಾಲೀಕರೂ ಬಾಗಿಲಿಗೆ ಕಿವಿಗೊಟ್ಟು ನಿಂತೆವು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಸದ್ದು ಕೇಳಿಸಿತು. ನಲ್ಲಿಯದಲ್ಲ.

ನನ್ನ ಕಿರುಚಾಟ ಕೇಳಿ ಗಂಡ ಹೊರಗಿನ ಬೆಂಚಿನಿಂದ ಎದ್ದು ಬಂದಿದ್ದ. ಮುಖ ಬಿಳಿಚಿತ್ತು. "ಏನಾತ್ರೀ ಮೇಡಂ? ಆಕಿ ಎಲ್ಲಿ?"

"ಏನಿಲ್ಲ" ಎಂದೆ. "ಒಂದಕ್ಕೆ ಹೋಗಿದಾರೆ."

ಆತ ಬಾಗಿಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಆಮೇಲೆ ಬೆಂಚಿನ ಮೇಲೆ ಕೂತು, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಅದರೊಳಗೆ ಮುಖ ಹುದುಗಿಸಿ ಅಳತೊಡಗಿದ.